ಕೊರಳು ಯಾರದು, ಹೆಸರು ಯಾರದು?

ಒಂದು ಚಲನಚಿತ್ರದ ಪ್ರೇಮಗೀತೆ ಸಂಪಾದಕೀಯಕ್ಕೆ ತಕ್ಕ ವಸ್ತುವೇ ಎಂದು ಕೆಲವು ಓದುಗರಾದರೂ ಕೇಳಬಹುದು. ಗಡಿ, ನೀರು, ಕನ್ನಡ ಶಾಲೆ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇವು ಹೊರನಾಡ ಕನ್ನಡಿಗರ ಪತ್ರಿಕೆಗೆ ಒಪ್ಪುವ ವಿಷಯಗಳು. ಹಾಡು ಮನರಂಜನೆಯ ಪುಟಕ್ಕೆ ಸೇರಿದ್ದು ಎಂಬುದು ಸಾಮಾನ್ಯ ಭಾವನೆ. ಆದರೆ ಒಂದು ಜನಸಮುದಾಯದ ಬದುಕನ್ನು ಯಾರು ಹಾಡುತ್ತಾರೆ, ಹಾಡಿದವರ ಹೆಸರು ಎಲ್ಲಿ ಅಚ್ಚಾಗುತ್ತದೆ, ಎಲ್ಲಿ ಮುಚ್ಚಿಹೋಗುತ್ತದೆ ಎಂಬುದು ಬರಿಯ ಮನರಂಜನೆಯ ಮಾತಲ್ಲ. ಹುಟ್ಟಿದ ನಾಡನ್ನು ಬಿಟ್ಟು ಬೇರೆ ಊರಿನಲ್ಲಿ ಮನೆ ಕಟ್ಟಿಕೊಂಡವರೆಲ್ಲರನ್ನೂ ತಟ್ಟುವ ಪ್ರಶ್ನೆ ಅದು. 1961ರಲ್ಲಿ ತೆರೆಕಂಡ ಅಮೆರಿಕದ ಸಂಗೀತಚಿತ್ರ 'ವೆಸ್ಟ್ ಸೈಡ್ ಸ್ಟೋರಿ'ಗಾಗಿ ಧ್ವನಿಮುದ್ರಿತವಾದ 'ಟುನೈಟ್' ಎಂಬ ಗೀತೆಯ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಅದು ವಲಸೆ ಬಂದವರ ಬೀದಿಯಲ್ಲಿ ಹುಟ್ಟಿದ ಪ್ರೇಮದ ಹಾಡು. ಆದರೆ ಅದರಲ್ಲಿ ಆ ವಲಸಿಗರ ಕೊರಳಿಲ್ಲ. ಹಾಡಿದ ಕೊರಳುಗಳಿಗೆ ಚಿತ್ರದ ಹೆಸರುಪಟ್ಟಿಯಲ್ಲಿ ಜಾಗವೂ ಸಿಗಲಿಲ್ಲ.

ಕಥೆ ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್'ನ ರೂಪಾಂತರ. ವೆರೋನಾ ನಗರದ ಎರಡು ಮನೆತನಗಳ ಬದಲಿಗೆ ಇಲ್ಲಿರುವುದು ನ್ಯೂಯಾರ್ಕಿನ ಬಡ ಬಡಾವಣೆಯೊಂದರ ಎರಡು ಪುಂಡರ ತಂಡಗಳು. ಒಂದು ತಾವೇ ಅಲ್ಲಿಯ ಮೂಲ ನಿವಾಸಿಗಳೆಂದು ಬೀಗುವ ಬಿಳಿಯ ಹುಡುಗರದು. ಇನ್ನೊಂದು ಪೋರ್ಟೊರಿಕೊ ದ್ವೀಪದಿಂದ ಬಂದು ನೆಲೆಸಿದವರ ಮಕ್ಕಳದು. ಮೊದಲ ತಂಡದ ಟೋನಿ, ಎರಡನೆಯ ತಂಡದ ನಾಯಕನ ತಂಗಿ ಮರಿಯಾ ಇವರ ನಡುವೆ ಪ್ರೇಮ ಮೊಳೆಯುತ್ತದೆ. ನೃತ್ಯಸಂಯೋಜಕ ಜೆರೋಮ್ ರಾಬಿನ್ಸ್ ಈ ಕಲ್ಪನೆಯನ್ನು 1949ರಲ್ಲಿ ಮೊದಲು ಮುಂದಿಟ್ಟಾಗ ಅದು ಯೆಹೂದಿಗಳ ಮತ್ತು ಕ್ಯಾಥೊಲಿಕರ ಕಥೆಯಾಗಿತ್ತು. ವಲಸಿಗರ ಕಥೆಯಾಗಿ ಮಾರ್ಪಟ್ಟದ್ದು 1955ರ ಸುಮಾರಿಗೆ. ಲೆನರ್ಡ್ ಬರ್ನ್‌ಸ್ಟೈನರ ಸಂಗೀತ, ಆರ್ಥರ್ ಲಾರೆಂಟ್ಸರ ನಾಟಕಪಾಠ, ಆಗಿನ್ನೂ 27ರ ಹರೆಯದ ಸ್ಟೀಫನ್ ಸೋಂಡ್‌ಹೈಮರ ಗೀತಸಾಹಿತ್ಯ ಇವುಗಳೊಡನೆ 1957ರ ಸೆಪ್ಟೆಂಬರ್ 26ರಂದು ಬ್ರಾಡ್‌ವೇಯ ರಂಗಮಂದಿರದಲ್ಲಿ ಅದು ಮೊದಲ ಪ್ರದರ್ಶನ ಕಂಡಿತು. ನಾಲ್ಕು ವರ್ಷಗಳ ಅನಂತರ ಬಂದ ಚಲನಚಿತ್ರಕ್ಕೆ ಹತ್ತು ಆಸ್ಕರ್ ಪ್ರಶಸ್ತಿಗಳು ಸಂದವು. ಅದರ ಹಾಡುಗಳ ಧ್ವನಿಮುದ್ರಿಕೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 54 ವಾರಗಳ ಕಾಲ ಮೊದಲ ಸ್ಥಾನದಲ್ಲಿತ್ತು.

'ಟುನೈಟ್' ಗೀತೆಯ ಹುಟ್ಟು ಕುತೂಹಲಕರ. ಮರಿಯಾ ಮತ್ತು ಟೋನಿ ಇರುಳಿನಲ್ಲಿ ಕಬ್ಬಿಣದ ಹೊರಮೆಟ್ಟಿಲ ಮೇಲೆ ಭೇಟಿಯಾಗುವ ದೃಶ್ಯಕ್ಕೆ ಮೊದಲು ಬೇರೊಂದು ಶಾಂತಗೀತೆಯನ್ನು ಯೋಜಿಸಲಾಗಿತ್ತು. ಸೋಂಡ್‌ಹೈಮರ ಗುರುಸ್ಥಾನದಲ್ಲಿದ್ದ ಆಸ್ಕರ್ ಹ್ಯಾಮರ್‌ಸ್ಟೈನರು ಆ ಸನ್ನಿವೇಶಕ್ಕೆ ಇನ್ನೂ ಎತ್ತರಕ್ಕೆ ಏರುವ ಹಾಡು ಬೇಕೆಂದರು. ಆಗ ಕರ್ತೃಗಳು ಮುಂದೆ ಬರಲಿದ್ದ ಪಂಚಗಾನವೊಂದರಿಂದ ಈ ರಾಗವನ್ನು ಎತ್ತಿಕೊಂಡು ಪ್ರೇಮಿಗಳ ಕೈಗಿತ್ತರು. ಹೀಗಾಗಿ ಕೇಳುಗನಿಗೆ ಒಂದೇ ರಾಗ ಎರಡು ಬಾರಿ ದೊರೆಯುತ್ತದೆ. ಮೊದಲ ಸಲ ಅದು ಇಬ್ಬರ ನಡುವಿನ ಪಿಸುಮಾತು; ಜಗತ್ತು ಕರಗಿ ಇಬ್ಬರೇ ಉಳಿದಿರುವ ಗಳಿಗೆ. ಎರಡನೆಯ ಸಲ ಅದೇ ಇರುಳನ್ನು ಪ್ರೇಮಿಗಳು ಮಿಲನಕ್ಕಾಗಿ ಕಾದಿದ್ದಾರೆ, ಎರಡು ತಂಡಗಳು ಹೊಡೆದಾಟಕ್ಕಾಗಿ ಕಾದಿವೆ. ಎಲ್ಲರ ಬಾಯಲ್ಲೂ ಅದೇ ಇರುಳಿನ ಜಪ. ಒಂದೇ ರಾಗದಲ್ಲಿ ಒಲವೂ ಹಗೆಯೂ ಒಟ್ಟಿಗೆ ಹೆಣೆದುಕೊಂಡಿರುವ ಇಂತಹ ರಚನೆ ಸಂಗೀತನಾಟಕಗಳ ಇತಿಹಾಸದಲ್ಲಿ ವಿರಳ. ಹಾಡಿನ ಸೊಗಸಿನ ಬಗ್ಗೆ ನಮ್ಮದೇನೂ ತಕರಾರಿಲ್ಲ.

ತಕರಾರು ಇರುವುದು ಬೇರೆಡೆ. ತೆರೆಯ ಮೇಲೆ ಟೋನಿಯಾಗಿ ತುಟಿ ಆಡಿಸಿದವರು ರಿಚರ್ಡ್ ಬೇಮರ್; ಹಾಡಿದವರು ಜಿಮ್ಮಿ ಬ್ರಯಂಟ್. ಮರಿಯಾ ಆಗಿ ಕಾಣಿಸಿಕೊಂಡವರು ನಟಾಲಿ ವುಡ್. ಹಾಡಿದವರು ಮಾರ್ನಿ ನಿಕ್ಸನ್. ಪ್ರೇಮದ ಪರಮ ಸತ್ಯವನ್ನು ಸಾರುವ ಆ ಯುಗಳಗೀತೆಯಲ್ಲಿ ಕಾಣುವ ಇಬ್ಬರೂ ಹಾಡುತ್ತಿಲ್ಲ. ಹಾಡುವ ಇಬ್ಬರೂ ಕಾಣುತ್ತಿಲ್ಲ.

ಈ ಧ್ವನಿಮುದ್ರಣ ನಡೆದ ಬಗೆಯೂ ಗಮನಾರ್ಹ. ಸಂಗೀತಚಿತ್ರಗಳಲ್ಲಿ ಹಾಡನ್ನು ಮೊದಲು ಧ್ವನಿಮುದ್ರಿಸಿ, ಚಿತ್ರೀಕರಣದ ವೇಳೆ ಅದನ್ನು ಹಾಕಿ ಅದಕ್ಕೆ ತಕ್ಕಂತೆ ನಟರು ತುಟಿ ಆಡಿಸುವುದು ವಾಡಿಕೆ. ಇಲ್ಲಿ ನಟಾಲಿ ವುಡ್ ತಮ್ಮ ದನಿಯಲ್ಲೇ ಹಾಡುಗಳನ್ನು ಧ್ವನಿಮುದ್ರಿಸಿದರು. ಆ ದನಿಗೆ ಸರಿಯಾಗಿ ಅಭಿನಯಿಸಿದರು. ಚಿತ್ರದಲ್ಲಿ ತಮ್ಮ ಕಂಠವೇ ಇರುತ್ತದೆಂದು ನಂಬಿದ್ದರು. ಚಿತ್ರೀಕರಣ ಮುಗಿದ ಮೇಲೆ ಅವರ ದನಿಯನ್ನು ತೆಗೆದುಹಾಕಲು ನಿರ್ಧಾರವಾಯಿತು. ಆಗ ಮಾರ್ನಿ ನಿಕ್ಸನ್ ತೆರೆಯ ಮೇಲಿನ ತುಟಿಚಲನೆಯನ್ನು ನೋಡುತ್ತ, ಇನ್ನೊಬ್ಬರ ಉಸಿರಿಗೂ ತಡವರಿಕೆಗೂ ತಮ್ಮ ಉಸಿರನ್ನು ಹೊಂದಿಸಿ ಹಾಡಬೇಕಾಯಿತು. ಸಾಮಾನ್ಯ ಗಾಯಕಿಗೆ ಸಾಧ್ಯವಾಗುವ ಕೆಲಸವಲ್ಲ ಇದು. ನಟಿಗೆ ಅವಮಾನ, ಗಾಯಕಿಗೆ ಅಜ್ಞಾತವಾಸ. ಒಂದೇ ನಿರ್ಧಾರದಿಂದ ಇಬ್ಬರಿಗೂ ಅನ್ಯಾಯವಾಯಿತು.

ಮಾರ್ನಿ ನಿಕ್ಸನ್‌ಗೆ ಇದು ಹೊಸತೇನೂ ಆಗಿರಲಿಲ್ಲ. 1956ರ 'ದ ಕಿಂಗ್ ಅಂಡ್ ಐ' ಚಿತ್ರದಲ್ಲಿ ಅವರು ಡೆಬೊರಾ ಕರ್‌ಗೆ ದನಿಯಾಗಿದ್ದರು. ಮುಂದೆ 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರಿ ಹೆಪ್‌ಬರ್ನ್‌ಗೆ ದನಿಯಾದರು. ಗುಟ್ಟು ಹೊರಬಿದ್ದರೆ ಮತ್ತೆ ಕೆಲಸ ಸಿಗದೆಂಬ ಬೆದರಿಕೆಯನ್ನು ತಾವು ಎದುರಿಸಿದ್ದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಡೆಬೊರಾ ಕರ್ ಅವರ ದೊಡ್ಡತನವೆಂದರೆ, ತಮಗಾಗಿ ಹಾಡಿದವರು ಯಾರೆಂಬುದನ್ನು ಅವರು ತಾವಾಗಿಯೇ ಪತ್ರಿಕೆಗಳ ಮುಂದೆ ಹೇಳಿದರು. 'ವೆಸ್ಟ್ ಸೈಡ್ ಸ್ಟೋರಿ'ಯ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾದರೂ ಅದರ ಗಳಿಕೆಯಲ್ಲಿ ನಿಕ್ಸನ್‌ಗೆ ಪಾಲಿರಲಿಲ್ಲ. ಕೊನೆಗೆ ಸಂಗೀತ ನಿರ್ದೇಶಕ ಬರ್ನ್‌ಸ್ಟೈನರು ತಮ್ಮ ಪಾಲಿನಿಂದ ಶೇಕಡ ಕಾಲು ಭಾಗವನ್ನು ಅವರಿಗೆ ಬಿಟ್ಟುಕೊಟ್ಟರು. ಆ ಚಿತ್ರದ ಕೊನೆಯಲ್ಲಿ ಕಲಾವಿದರ, ತಂತ್ರಜ್ಞರ ಹೆಸರುಗಳು ಬೀದಿಯ ಗೋಡೆ, ಬಾಗಿಲು, ಫಲಕಗಳ ಮೇಲೆ ಹುಡುಗರು ಗೀಚಿದ ಬರಹದಂತೆ ಮೂಡುತ್ತವೆ. ವಿನ್ಯಾಸಕಾರ ಸಾಲ್ ಬಾಸರ ಆ ಕಲ್ಪನೆ ಇಂದಿಗೂ ಪ್ರಸಿದ್ಧ. ಅಷ್ಟೊಂದು ಗೋಡೆಗಳಲ್ಲಿ ಮಾರ್ನಿ ನಿಕ್ಸನ್ ಎಂಬ ಹೆಸರಿಗೆ ಒಂದು ಗೇಣು ಜಾಗ ಸಿಗಲಿಲ್ಲ.

ಹೆಸರಿಲ್ಲದ ಕೊರಳಿನ ಅನ್ಯಾಯ ಇದು. ಇದಕ್ಕಿಂತ ಆಳವಾದ ಇನ್ನೊಂದು ಅಭಾವವೂ ಆ ಹಾಡಿನಲ್ಲಿದೆ. ಮರಿಯಾ ಪೋರ್ಟೊರಿಕೊದ ಹುಡುಗಿ. ಆಕೆಯ ಮುಖವಾದವರು ರಷ್ಯಾ ಮೂಲದ ಕುಟುಂಬದ ನಟಿ. ಕಂಠವಾದವರು ಕ್ಯಾಲಿಫೋರ್ನಿಯದ ಗಾಯಕಿ. ಆಕೆಯ ಅಣ್ಣನ ಪಾತ್ರ ಗ್ರೀಕ್ ಮೂಲದ ಜಾರ್ಜ್ ಚಕಿರಿಸರದು. ಪ್ರಮುಖ ಪಾತ್ರಧಾರಿಗಳಲ್ಲಿ ನಿಜಕ್ಕೂ ಆ ದ್ವೀಪದಲ್ಲಿ ಹುಟ್ಟಿದವರು ರೀಟಾ ಮೊರೆನೊ ಒಬ್ಬರೇ. ದ್ವೀಪದವರ ಮೈಬಣ್ಣ ಬಗೆಬಗೆಯದಾಗಿದ್ದರೂ ಎಲ್ಲರಿಗೂ ಒಂದೇ ಕಂದು ಬಣ್ಣ ಬಳಿಯಲಾಯಿತು ಎಂದು ಮೊರೆನೊ ಮುಂದೆ ನೋವಿನಿಂದ ಹೇಳಿದರು. ಅವರ ಪಾತ್ರದ ಒಂದು ಹಾಡಿಗೂ ಬೇರೊಬ್ಬರ ಕಂಠವನ್ನೇ ಬಳಸಲಾಯಿತು. ಗೀತೆ ಬರೆದ ಸೋಂಡ್‌ಹೈಮರಾದರೂ ಆ ಜನರನ್ನು ತಾವು ಬಲ್ಲವರಲ್ಲವೆಂದು ಮೊದಲು ಹಿಂಜರಿದಿದ್ದರು.

ಯಾರು ಈ ಪೋರ್ಟೊರಿಕೊದವರು? 1898ರಲ್ಲಿ ಸ್ಪೇನಿನಿಂದ ಅಮೆರಿಕದ ವಶಕ್ಕೆ ಬಂದ ದ್ವೀಪದ ಜನ. 1917ರ ಶಾಸನದಿಂದ ಅಮೆರಿಕದ ಪೌರತ್ವ ಪಡೆದವರು. ಎರಡನೆಯ ಮಹಾಯುದ್ಧದ ತರುವಾಯ ಉದ್ಯೋಗ ಅರಸಿ ನ್ಯೂಯಾರ್ಕಿಗೆ ಬಂದ ಅವರ ಸಂಖ್ಯೆ 1960ರ ಹೊತ್ತಿಗೆ ಆರು ಲಕ್ಷವನ್ನು ದಾಟಿತ್ತು. ಅವರು ಪರದೇಶಿಗಳಲ್ಲ, ಒಂದೇ ದೇಶದ ಪ್ರಜೆಗಳು. ಆದರೂ ಬೀದಿಯಲ್ಲಿ ಅವರು ಹೊರಗಿನವರು. ಈ ಸ್ಥಿತಿ ಹೊರನಾಡ ಕನ್ನಡಿಗನಿಗೆ ಅಪರಿಚಿತವೇ? ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಎಷ್ಟೋ ದಶಕಗಳಿಂದ ಬಾಳಿದರೂ ಒಂದಲ್ಲ ಒಂದು ಗಳಿಗೆಯಲ್ಲಿ 'ನಿಮ್ಮ ಊರು ಯಾವುದು' ಎಂಬ ಪ್ರಶ್ನೆ ಎದುರಾಗದ ಮನೆ ನಮ್ಮಲ್ಲಿ ವಿರಳ. ದ್ವೀಪದವರು ಎದುರಿಸಿದ ಬಡತನವೂ ವರ್ಣದ್ವೇಷವೂ ನಮ್ಮ ಪಾಲಿಗೆ ಅದೇ ಪ್ರಮಾಣದಲ್ಲಿ ಬಂದಿಲ್ಲವೆಂಬುದನ್ನು ಮರೆಯಬಾರದು. ಆದರೆ ತನ್ನದೇ ದೇಶದಲ್ಲಿ ತನ್ನ ದನಿ ಅನ್ಯವಾಗುವ ಅನುಭವ ಎರಡೂ ಕಡೆ ಒಂದೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕಲೆಯೆಂದರೆ ಪರಕಾಯ ಪ್ರವೇಶ. ಹರಿಶ್ಚಂದ್ರನ ಪಾತ್ರ ಮಾಡುವವನು ಅರಸನಾಗಿರಬೇಕೆಂಬ ನಿಯಮವಿಲ್ಲ. ಹಾಗಿರುವಾಗ ಮರಿಯಾಳ ಹಾಡನ್ನು ದ್ವೀಪದವರೇ ಹಾಡಬೇಕೆಂಬ ಹಟವೇಕೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಒಬ್ಬರ ದೇಹಕ್ಕೆ ಇನ್ನೊಬ್ಬರ ಕೊರಳು ಒದಗುವುದು ನಮ್ಮ ಪರಂಪರೆಗೆ ಹೊರಗಿನದೇನೂ ಅಲ್ಲ. ಯಕ್ಷಗಾನವನ್ನೇ ನೋಡಿ. ಪದ ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ಆದರೆ ಭಾಗವತರು ತೆರೆಯ ಹಿಂದೆ ಅಡಗಿಲ್ಲ. ರಂಗಸ್ಥಳದಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ, ತಲೆಗೆ ಮುಂಡಾಸು ಸುತ್ತಿ, ಕೈಯಲ್ಲಿ ಜಾಗಟೆ ಹಿಡಿದು ಕುಳಿತಿರುತ್ತಾರೆ. ಅವರನ್ನು ಮೊದಲನೆಯ ವೇಷಧಾರಿಯೆಂದೇ ಗೌರವಿಸುವ ರೂಢಿ ನಮ್ಮದು. ಕೊರಳನ್ನು ಎರವಲು ಪಡೆಯುವುದು ದೋಷವಲ್ಲ. ಎರವಲನ್ನು ಮುಚ್ಚಿಡುವುದು ದೋಷ. ಅದಕ್ಕಿಂತ ದೊಡ್ಡ ದೋಷವೆಂದರೆ, ಆ ಸಮುದಾಯದವರು ಹಾಡಲು ಮುಂದೆ ಬಂದರೂ ಅವರಿಗೆ ಬಾಗಿಲು ತೆರೆಯದಿರುವುದು.

ಭಾರತದ ಚಿತ್ರರಂಗ ಈ ವಿಷಯದಲ್ಲಿ ಹಾಲಿವುಡ್‌ಗಿಂತ ಪ್ರಾಮಾಣಿಕವಾದ ದಾರಿ ಹಿಡಿಯಿತೆಂದು ಹೆಮ್ಮೆಯಿಂದ ಹೇಳಬಹುದು. ಆದರೆ ಆ ದಾರಿಯೂ ಹೋರಾಟವಿಲ್ಲದೆ ತೆರೆಯಲಿಲ್ಲ. 1949ರ ಹಿಂದೀ ಚಿತ್ರ 'ಮಹಲ್'ನ ಪ್ರಸಿದ್ಧ ಗೀತೆಯ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಾಗಿ ಅಚ್ಚಾಗಿದ್ದದ್ದು ಕಥಾನಾಯಕಿ 'ಕಾಮಿನಿ'ಯ ಹೆಸರು. ಹಾಡಿದವರು ಲತಾ ಮಂಗೇಶ್ಕರ್ ಎಂಬುದು ಕೇಳುಗರ ಒತ್ತಾಯದಿಂದ ಬೆಳಕಿಗೆ ಬಂತು. ಹಿನ್ನೆಲೆ ಗಾಯನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಸ್ಥಾಪನೆಯಾದದ್ದು 1959ರಲ್ಲಿ. ಅದನ್ನು ಮೊದಲು ಪಡೆದವರೂ ಲತಾ ಅವರೇ. ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಗಾಯಕರ, ಕವಿಯ, ಸಂಗೀತ ನಿರ್ದೇಶಕರ ಹೆಸರುಗಳನ್ನು ಓದುವ ಪದ್ಧತಿ ಕ್ರಮೇಣ ನಮಗೆ ಎಷ್ಟು ಸಹಜವಾಯಿತೆಂದರೆ, ಹೆಸರಿಲ್ಲದ ಕೊರಳನ್ನು ನಾವು ಊಹಿಸಿಕೊಳ್ಳಲಾರೆವು.

ಕನ್ನಡದ ಉದಾಹರಣೆ ಇನ್ನೂ ಅರ್ಥಪೂರ್ಣ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದು ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಬೆಳ್ಳಿತೆರೆಯ ಮೇಲೆ ಕನ್ನಡ ಮೊದಲು ಮಾತಾಡಿದ್ದೇ ಹೊರನಾಡಿನಲ್ಲಿ. 1950, 60ರ ದಶಕಗಳಲ್ಲಿ ನಮ್ಮ ಚಿತ್ರಗೀತೆಗಳ ಬಹುಪಾಲು ಧ್ವನಿಮುದ್ರಣ ಮದ್ರಾಸಿನಲ್ಲಿ ನಡೆಯಿತು. ಕಾಕಿನಾಡದಲ್ಲಿ ಹುಟ್ಟಿ ಮದ್ರಾಸಿನಲ್ಲಿ ಬಾಳಿದ ಪಿ.ಬಿ. ಶ್ರೀನಿವಾಸ್ ಡಾ. ರಾಜಕುಮಾರರ ಕಂಠವಾದರು. ತೆಲುಗು ಮನೆಮಾತಿನ ಎಸ್. ಜಾನಕಿ, ಪಿ. ಸುಶೀಲ ನಮ್ಮ ನಾಯಕಿಯರ ಕಂಠವಾದರು. ಈ ಮೂವರೂ ಹುಟ್ಟಿನಿಂದ ಕನ್ನಡಿಗರಲ್ಲ. ಆದರೂ ಅವರ ಹಾಡುಗಳಲ್ಲಿ ಕನ್ನಡ ಅನ್ಯವಾಗಿ ಕೇಳಿಸಿತೇ? ಇಲ್ಲ. ಅಕ್ಷರದ ಒಡಲನ್ನೂ ಪದದ ಭಾವವನ್ನೂ ಅವರು ಶ್ರದ್ಧೆಯಿಂದ ಕಲಿತರು. ಹಾಡಿದ್ದು ಇವರೆಂದು ಸಾಮಾನ್ಯ ಪ್ರೇಕ್ಷಕನೂ ಬಲ್ಲ. 2013ರಲ್ಲಿ ಶ್ರೀನಿವಾಸರು ತೀರಿಕೊಂಡಾಗ ಕನ್ನಡನಾಡು ತನ್ನವರನ್ನೇ ಕಳೆದುಕೊಂಡಂತೆ ದುಃಖಿಸಿತು. ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಹಾಡಿ ಬೆಳೆದಿದ್ದ ರಾಜಕುಮಾರರು 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಅನಂತರ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು; 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಎರವಲು ಕಂಠಕ್ಕೂ ಗೌರವ, ಸ್ವಂತ ಕಂಠಕ್ಕೂ ಅವಕಾಶ: ನ್ಯಾಯವೆಂದರೆ ಇದೇ.

ಹಾಲಿವುಡ್ ಈ ನ್ಯಾಯದತ್ತ ಬರಲು ಅರವತ್ತು ವರ್ಷಗಳು ಹಿಡಿದವು. ಸ್ಟೀವನ್ ಸ್ಪೀಲ್‌ಬರ್ಗ್ 2021ರಲ್ಲಿ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಹೊಸದಾಗಿ ಚಿತ್ರಿಸಿದರು. ತಾಯಿಯ ಕಡೆಯಿಂದ ಕೊಲಂಬಿಯ ಮೂಲದ ರೇಚಲ್ ಝೆಗ್ಲರ್ ಮರಿಯಾ ಆದರು. 'ಟುನೈಟ್' ಗೀತೆಯನ್ನು ಅವರೂ, ಟೋನಿಯಾದ ಆನ್ಸೆಲ್ ಎಲ್‌ಗಾರ್ಟರೂ ತಮ್ಮ ಕಂಠದಲ್ಲೇ ಹಾಡಿದರು. ದ್ವೀಪದವರು ತಮ್ಮೊಳಗೆ ಆಡುವ ಸ್ಪ್ಯಾನಿಷ್ ಮಾತುಗಳಿಗೆ ಇಂಗ್ಲಿಷ್ ಅಡಿಬರಹವನ್ನು ನಿರ್ದೇಶಕರು ಹಾಕಲಿಲ್ಲ. ಅರ್ಥವಾಗದವನು ಒಂದು ಗಳಿಗೆ ತಾನೇ ಹೊರಗಿನವನಾಗಲಿ ಎಂಬಂತೆ. ತೊಂಬತ್ತರ ಹೊಸ್ತಿಲಿನಲ್ಲಿದ್ದ ರೀಟಾ ಮೊರೆನೊ ಹೊಸ ಪಾತ್ರವೊಂದರಲ್ಲಿ ತಮ್ಮದೇ ದನಿಯಲ್ಲಿ ಹಾಡಿದರು. ಅವರಿಗೆ 1962ರಲ್ಲಿ ಆಸ್ಕರ್ ತಂದುಕೊಟ್ಟ ಅದೇ ಪಾತ್ರಕ್ಕೆ 2022ರಲ್ಲಿ ಅರಿಯಾನಾ ಡಿಬೋಸ್ ಆಸ್ಕರ್ ಪಡೆದರು. ಆದರೆ ಮಾರ್ನಿ ನಿಕ್ಸನ್ ಇದನ್ನು ಕಾಣಲಿಲ್ಲ. 2016ರಲ್ಲಿ ಅವರು ನಿಧನರಾಗಿದ್ದರು.

ಇನ್ನು ನಮ್ಮ ಮನೆಯ ಮಾತು. ಸಂವಿಧಾನದ 19ನೆಯ ಅನುಚ್ಛೇದ ದೇಶದ ಯಾವುದೇ ಭಾಗದಲ್ಲಿ ನೆಲೆಸುವ ಸ್ವಾತಂತ್ರ್ಯವನ್ನು ನಮಗಿತ್ತಿದೆ. 29ನೆಯ ಅನುಚ್ಛೇದ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಇತ್ತಿದೆ. 1956ರ ತಿದ್ದುಪಡಿಯ ಮೂಲಕ ಸೇರಿದ 350-ಎ ಅನುಚ್ಛೇದ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಇವುಗಳ ಪಾಲನೆಗಾಗಿ ಸರ್ಕಾರಗಳನ್ನು ಒತ್ತಾಯಿಸುವುದು ಸಂಘಗಳ ಕರ್ತವ್ಯ. ಆದರೆ ಶಾಸನ ಹಕ್ಕನ್ನು ಕೊಡಬಲ್ಲುದೇ ಹೊರತು ದನಿಯನ್ನು ಕೊಡಲಾರದು. ದನಿಯನ್ನು ನಾವೇ ತೆರೆಯಬೇಕು.

ನಮ್ಮ ವೇದಿಕೆಗಳಲ್ಲಿ ಏನಾಗುತ್ತಿದೆ? ರಾಜ್ಯೋತ್ಸವದ ದಿನ ಮಕ್ಕಳು ಅಂದವಾದ ಉಡುಗೆ ತೊಟ್ಟು ಸಾಲಾಗಿ ನಿಲ್ಲುತ್ತಾರೆ. ಧ್ವನಿವರ್ಧಕದಿಂದ ಬೆಂಗಳೂರಿನಲ್ಲಿ ಧ್ವನಿಮುದ್ರಿಸಿದ ಹಾಡು ಹೊಮ್ಮುತ್ತದೆ. ಮಕ್ಕಳು ತುಟಿ ಆಡಿಸುತ್ತಾರೆ, ಕೈಸನ್ನೆ ಮಾಡುತ್ತಾರೆ, ಚಪ್ಪಾಳೆ ಬೀಳುತ್ತದೆ. ಮಕ್ಕಳಿಗೆ ಹಾಡಲು ಬರುವುದಿಲ್ಲವೆಂದಲ್ಲ. ತಪ್ಪಾಗಿ ಹಾಡಿಯಾರೆಂಬ ಭಯ ಹಿರಿಯರದು. ದೆಹಲಿಯ ಮಗುವಿಗೆ 'ಳ'ಕಾರ 'ಲ'ಕಾರವಾಗುತ್ತದೆ. ಚೆನ್ನೈಯ ಮಗುವಿಗೆ ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಪುಣೆಯ ಮಗುವಿನ 'ಚ'ಕಾರದಲ್ಲಿ ಮರಾಠಿಯ ಸೊಗಡು ಇಣುಕುತ್ತದೆ. ಈ ಉಚ್ಚಾರಗಳನ್ನು ತಾಳ್ಮೆಯಿಂದ ತಿದ್ದಬೇಕು, ನಿಜ. ತಿದ್ದುವುದಕ್ಕಾದರೂ ಮಗು ಮೊದಲು ಬಾಯಿ ತೆರೆಯಬೇಕಲ್ಲ! ನಟಾಲಿ ವುಡ್‌ರ ದನಿ ಸಾಲದೆಂದು ತೆಗೆದುಹಾಕಿದ ನಿರ್ಮಾಪಕರಿಗೆ ಮಾರುಕಟ್ಟೆಯ ನೆವವಾದರೂ ಇತ್ತು. ಸಂಘದ ವೇದಿಕೆಗೆ ಯಾವ ಮಾರುಕಟ್ಟೆಯ ಹಂಗು? ಅಲ್ಲಿ ಕುಳಿತು ಕೇಳುವವರು ಆ ಮಕ್ಕಳ ತಂದೆತಾಯಂದಿರು, ಅಜ್ಜ ಅಜ್ಜಿಯರು. ಧ್ವನಿಮುದ್ರಿಕೆಯ ಕನ್ನಡ ಎಷ್ಟೇ ನಿರ್ದುಷ್ಟವಾಗಿದ್ದರೂ ಅದು ಆ ಮಗುವಿನದಲ್ಲ. ಹತ್ತು ವರ್ಷ ತುಟಿ ಮಾತ್ರ ಆಡಿಸಿದ ಮಗು ಇಪ್ಪತ್ತನೆಯ ವಯಸ್ಸಿಗೆ ಸಂಘಕ್ಕೆ ಬರುವುದನ್ನು ಬಿಟ್ಟರೆ ದೂರುವುದು ಯಾರನ್ನು?

ಆದುದರಿಂದ ಸಂಘ ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳ ಮುಂದೆ ಎರಡು ಸೂಚನೆಗಳನ್ನು ಇಡಬಯಸುತ್ತೇವೆ. ಮೊದಲನೆಯದು, ಬರುವ ರಾಜ್ಯೋತ್ಸವದಲ್ಲಿ ಮಕ್ಕಳ ಗಾಯನದಲ್ಲಿ ಒಂದನ್ನಾದರೂ ಧ್ವನಿಮುದ್ರಿಕೆಯ ನೆರವಿಲ್ಲದೆ, ಒಂದು ಹಾರ್ಮೋನಿಯಂ, ಒಂದು ತಬಲದೊಡನೆ ಅವರಿಂದಲೇ ಹಾಡಿಸಬೇಕು. ಅದಕ್ಕಾಗಿ ಮೂರು ತಿಂಗಳು ಮೊದಲೇ ವಾರಕ್ಕೊಂದು ದಿನ ಅಭ್ಯಾಸ ನಡೆಯಲಿ. ಹಾಡುಬಲ್ಲ ಹಿರಿಯ ಸದಸ್ಯೆಯರು ನಮ್ಮ ಪ್ರತಿಯೊಂದು ಸಂಘದಲ್ಲೂ ಇದ್ದಾರೆ, ಅವರನ್ನು ಕರೆಯುವವರಿಲ್ಲ ಅಷ್ಟೆ. ಎರಡನೆಯದು, ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರು, ಮುಖ್ಯ ಅತಿಥಿಗಳು, ದಾನಿಗಳು ಇವರ ಹೆಸರುಗಳ ಜೊತೆಗೆ ಹಾಡು ಕಲಿಸಿದವರ, ಪಕ್ಕವಾದ್ಯ ನುಡಿಸಿದವರ, ನಾಟಕದಲ್ಲಿ ತೆರೆಯ ಮರೆಯಿಂದ ಮಾತು ಎತ್ತಿಕೊಟ್ಟವರ ಹೆಸರುಗಳೂ ಅಚ್ಚಾಗಲಿ. ಇದಕ್ಕೆ ಹೆಚ್ಚುವರಿ ವೆಚ್ಚ ಎರಡು ಸಾಲು ಅಕ್ಷರ ಮಾತ್ರ.

ಈ ಸೂಚನೆಗಳನ್ನು ಕಾರ್ಯಗತಗೊಳಿಸುವ ಸಂಘಗಳು ತಮ್ಮ ಅನುಭವವನ್ನು ನಮಗೆ ಬರೆದು ತಿಳಿಸಲಿ. ಯಾವ ಮಗು ಯಾವ ಹಾಡನ್ನು ಹಾಡಿತು, ಕಲಿಸಿದವರು ಯಾರು ಎಂಬುದನ್ನು ಹೆಸರು ಸಹಿತ ಪ್ರಕಟಿಸಲು ಈ ತ್ರೈಮಾಸಿಕದ ಪುಟಗಳು ತೆರೆದಿವೆ.